30 ಅಡಿ ರಸ್ತೆಯಲ್ಲಿ ಐದು ಮಹಡಿ ಪಿಜಿ: ಹೊಸ ಮಾಸ್ಟರ್ ಪ್ಲ್ಯಾನ್ ಬಂದರೆ ನಾವು ಏನು ಕೇಳಬೇಕು?

ಅಡ್ಡರಸ್ತೆ_22
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತಿದ್ದೇನೆ, ದಯವಿಟ್ಟು ಪೂರ್ತಿ ಓದಿ.

ನಮ್ಮದು ಬೆಂಗಳೂರಿನ ಪಶ್ಚಿಮ ಭಾಗದಲ್ಲಿ ಒಂದು 30 ಅಡಿ ರಸ್ತೆ. ಎರಡೂ ಬದಿ ಸೇರಿ 22 ಸೈಟ್, ಎಲ್ಲವೂ 30×40. ಅಪ್ಪ ಇಲ್ಲಿ ಮನೆ ಕಟ್ಟಿಸಿದ್ದು 1986ರಲ್ಲಿ. ಹೋದ ವರ್ಷ ಪಕ್ಕದ ಮನೆಯವರು ಮಾರಿಕೊಂಡು ಹೋದರು. ಕೊಂಡವರು ಹಳೆ ಮನೆ ಕೆಡವಿ ಪಿಜಿ ಕಟ್ಟುತ್ತಿದ್ದಾರೆ. ಮೊನ್ನೆ ಐದನೇ ಮೋಲ್ಡ್ (ತಾರಸಿ ಕಾಂಕ್ರೀಟ್) ಹಾಕಿದರು. ನಮ್ಮ ಕಾಂಪೌಂಡಿಗೂ ಅವರ ಗೋಡೆಗೂ ನಡುವೆ ಒಂದು ಗೇಣು ಜಾಗ ಇದೆ. ಅಡುಗೆಮನೆಯಲ್ಲಿ ಮಧ್ಯಾಹ್ನವೂ ಲೈಟ್ ಹಾಕಬೇಕು.

ಬೆಳಕಿನ ಮಾತು ಬಿಡಿ. ನಮ್ಮ ರಸ್ತೆಯ ಯುಜಿಡಿ (ಒಳಚರಂಡಿ) ಪೈಪು ಹಾಕಿದ್ದು 22 ಸಂಸಾರಕ್ಕೆ. ಈಗಾಗಲೇ ಎರಡು ಪಿಜಿ ಇವೆ, ಇದು ಮೂರನೆಯದು. ಜೋರು ಮಳೆ ಬಂದ ದಿನ ನಮ್ಮ ಬಚ್ಚಲಿನಿಂದ ಗಲೀಜು ನೀರು ಮೇಲೆ ಬರುತ್ತದೆ. ಅಮ್ಮನಿಗೆ 74 ವರ್ಷ. ರಾತ್ರಿ ಎದ್ದು ಅದರಲ್ಲಿ ಕಾಲಿಟ್ಟು ಒಮ್ಮೆ ಜಾರಿ ಬಿದ್ದಿದ್ದಾರೆ.

ಮಾಸ್ಟರ್ ಪ್ಲ್ಯಾನ್ ಅಂದರೆ ಊರಿನಲ್ಲಿ ಎಲ್ಲಿ ಏನು, ಎಷ್ಟು ಕಟ್ಟಬಹುದು ಅನ್ನುವ ನಕ್ಷೆ ಮತ್ತು ನಿಯಮ. ಈಗ ನಡೆಯುತ್ತಿರುವುದು 2007ರಲ್ಲಿ ಒಪ್ಪಿಗೆ ಸಿಕ್ಕ, 2015ರ ವರೆಗೆ ಅಂತ ಮಾಡಿದ "2015ರ ಪ್ಲ್ಯಾನ್". ಹತ್ತು ವರ್ಷಕ್ಕೊಮ್ಮೆಯಾದರೂ ಪರಿಷ್ಕರಿಸಬೇಕು ಅಂತ ಕಾಯ್ದೆಯೇ ಹೇಳುತ್ತದೆ. 2031ರ ಪ್ಲ್ಯಾನಿನ ಕರಡು 2017ರ ನವೆಂಬರ್‌ನಲ್ಲಿ ಬಂತು, 2020ರಲ್ಲಿ ವಾಪಸ್ ಹೋಯಿತು. ಈಗ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆ ಎಲ್ಲ ಆಗಿವೆ. ಇವತ್ತಲ್ಲ ನಾಳೆ ಹೊಸ ಪ್ಲ್ಯಾನ್ ಬರಲೇಬೇಕು. ಆಗ ನಮ್ಮಂಥ ರಸ್ತೆಯವರು ಏನು ಕೇಳಬೇಕು? "ಪಿಜಿ ಬೇಡ" ಅಂದರೆ ಸಾಕಾ? ಆಕ್ಷೇಪಣೆ ಬರೆದ ಅನುಭವ ಇರುವವರು ಹೇಳಿ.

ಮಾಗಡಿ_ರೋಡ್
ನಮ್ಮದು 25 ಅಡಿ ರಸ್ತೆ, ನಾಲ್ಕು ಪಿಜಿ. ಅಮ್ಮನವರು ಈಗ ಹೇಗಿದ್ದಾರೆ?

ಅಡ್ಡರಸ್ತೆ_22
ಈಗ ಪರವಾಗಿಲ್ಲ, ಓಡಾಡುತ್ತಾರೆ. ಕೇಳಿದ್ದಕ್ಕೆ ಥ್ಯಾಂಕ್ಸ್.

ನಕ್ಷೆ_ಇಂಜಿನಿಯರ್
ನಾನು ಸಿವಿಲ್ ಇಂಜಿನಿಯರ್. 15 ವರ್ಷದಿಂದ ಸಣ್ಣ ಸೈಟ್‌ಗಳಿಗೆ ಪ್ಲ್ಯಾನ್ ಹಾಕಿಕೊಡುತ್ತಿದ್ದೇನೆ. ಮೊದಲು ಲೆಕ್ಕ ನೋಡೋಣ.

30×40 ಅಂದರೆ 1200 ಚದರ ಅಡಿ. 2015ರ ಪ್ಲ್ಯಾನಿನಲ್ಲಿ 360 ಚದರ ಮೀಟರ್ ವರೆಗಿನ ಸೈಟಿಗೆ ಎಫ್‌ಎಆರ್ (ಎಲ್ಲ ಮಹಡಿ ಸೇರಿ ಸೈಟಿನ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಲೆಕ್ಕ) 1.75, ಕವರೇಜ್ (ಸೈಟಿನಲ್ಲಿ ಕಟ್ಟಡ ಆವರಿಸಬಹುದಾದ ಪಾಲು) ಶೇ 75. ಅಂದರೆ ಒಟ್ಟು 2100 ಚದರ ಅಡಿ ಕಟ್ಟಬಹುದು, ಒಂದು ಮಹಡಿಗೆ ಹೆಚ್ಚೆಂದರೆ 900. ಎರಡು ಮಹಡಿ, ಮೇಲೆ ಒಂದು ಸಣ್ಣ ರೂಮು, ಅಷ್ಟೇ. ನಿಮ್ಮ ಪಕ್ಕದವರು ಗೇಣು ಜಾಗ ಬಿಟ್ಟು ಐದು ಮಹಡಿ ಕಟ್ಟಿದ್ದಾರೆ ಅಂದರೆ 5000 ದಾಟಿರುತ್ತದೆ. ಕೊಟ್ಟಿದ್ದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ!

ಹಾಗಾಗಿ ಇಲ್ಲಿ ತಪ್ಪಿರುವುದು ಪಿಜಿ ಅನ್ನುವ ಬಳಕೆಯಲ್ಲಿ ಅಲ್ಲ, ಗಾತ್ರದಲ್ಲಿ. ಅದೇ ಕಟ್ಟಡದಲ್ಲಿ ಹತ್ತು ಸಂಸಾರ ಇಟ್ಟರೂ ನಿಮ್ಮ ಪೈಪು ತಡೆಯುವುದಿಲ್ಲ. "ಪಿಜಿ ಬೇಡ" ಅಂತ ಬರೆದರೆ ಅವರು ಬೋರ್ಡ್ ಬದಲಿಸುತ್ತಾರೆ, ಮುಗಿಯಿತು.

ಹಾವೇರಿ_ಹುಡುಗಿ
ಇಂಜಿನಿಯರ್ ಸರ್ ಹೇಳಿದ್ದು ಸರಿ. ಈ ಥರ ಚರ್ಚೆಯಲ್ಲೆಲ್ಲ ಪಿಜಿಯವರೇ ಕಳ್ಳರು ಅನ್ನುವ ಹಾಗೆ ಮಾತಾಡುತ್ತಾರೆ. ಬೇಜಾರಾಗುತ್ತದೆ.

ನಾನು ಮೂರು ವರ್ಷದಿಂದ ಪಿಜಿಯಲ್ಲಿದ್ದೇನೆ. ಒಂದು ರೂಮಿನಲ್ಲಿ ಮೂವರು. ಕಿಟಕಿ ಇದೆ, ತೆಗೆದರೆ ಪಕ್ಕದ ಕಟ್ಟಡದ ಗೋಡೆ. ಇಬ್ಬರಿಗೆ ಬಟ್ಟೆ ಒಣಗಿಸುವ ಜಾಗವೂ ಇಲ್ಲ. ಮೆಟ್ಟಿಲು ಒಂದೇ, ಅದರ ಬುಡದಲ್ಲೇ ಗ್ಯಾಸ್ ಸಿಲಿಂಡರ್ ಇಟ್ಟಿದ್ದಾರೆ. ಸೆಟ್‌ಬ್ಯಾಕ್ (ಕಟ್ಟಡದ ಸುತ್ತ ಬಿಡಬೇಕಾದ ಖಾಲಿ ಜಾಗ) ಬಿಡದೆ ಕಟ್ಟಿದರೆ ನಿಮ್ಮ ಅಡುಗೆಮನೆ ಮಾತ್ರ ಕತ್ತಲಾಗುವುದಿಲ್ಲ, ನಾವೂ ಕತ್ತಲಲ್ಲೇ ಇರುತ್ತೇವೆ. ಬೇರೆ ಎಲ್ಲಿಗೆ ಹೋಗಲಿ? ಆಫೀಸಿಗೆ ಹತ್ತಿರ ಒಂದು ರೂಮಿನ ಮನೆಗೆ ಅಡ್ವಾನ್ಸೇ ಲಕ್ಷ ಕೇಳುತ್ತಾರೆ. ಒಂಟಿ ಹುಡುಗಿ ಅಂದರೆ ಮನೆಯನ್ನೇ ಕೊಡುವುದಿಲ್ಲ.

ಅಡ್ಡರಸ್ತೆ_22
ಕ್ಷಮಿಸಮ್ಮ, ನಾನು ಆ ಕಡೆಯಿಂದ ಯೋಚಿಸಿರಲಿಲ್ಲ. ಒಂದೇ ಮೆಟ್ಟಿಲು, ಕೆಳಗೆ ಸಿಲಿಂಡರ್ ಅಂದಿದ್ದು ಓದಿ ಭಯ ಆಯಿತು.

ಪಿಂಚಣಿ_ಮನೆ
ನನ್ನದೂ ಒಂದು ಮಾತು. ನಾನು ಖಾಸಗಿ ಕಂಪನಿಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಪಿಂಚಣಿ ಇಲ್ಲ. ಇದ್ದ ಪಿಎಫ್ ಎಲ್ಲ ಹಾಕಿ 30×40ರಲ್ಲಿ ಕೆಳಗೆ ನಾವು, ಮೇಲೆ ಮೂರು ಬಾಡಿಗೆ ಮನೆ ಕಟ್ಟಿದೆ. ನಾಲ್ಕು ಮಹಡಿ. ಹೌದು, ಪ್ಲ್ಯಾನಿಗಿಂತ ಜಾಸ್ತಿ ಇದೆ. ಆ ಬಾಡಿಗೆಯಲ್ಲೇ ನಮ್ಮಿಬ್ಬರ ಊಟ, ಔಷಧಿ. ನಮ್ಮಂಥವರು ಬೆಂಗಳೂರಿನಲ್ಲಿ ಸಾವಿರಾರು ಜನ ಇದ್ದಾರೆ. ನಾಳೆ ನಿಯಮ ಬಿಗಿ ಮಾಡಿ ಒಡೆಯುತ್ತೇವೆ ಅಂದರೆ ಮೊದಲು ಬೀದಿಗೆ ಬರುವುದು ನಾವು. ಅರವತ್ತು ಎಕರೆಯಲ್ಲಿ ಟವರ್ ಕಟ್ಟಿದವರಲ್ಲ.

ಜಯನಗರ_ಹಿರಿಯ
ಪಿಂಚಣಿ ಮನೆಯವರೇ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ನಿಯಮ ಪಾಲಿಸಿ ಎರಡೇ ಮಹಡಿ ಕಟ್ಟಿದ ಪಕ್ಕದವರ ಗತಿ ಏನು? ಅವರಿಗೂ ಬಾಡಿಗೆ ಬೇಕಿರಲಿಲ್ಲವಾ? ಅವರ ಗಾಳಿ, ಅವರ ನೀರಿನ ಪಾಲು ನಿಮ್ಮ ಮೂರನೇ ಮಹಡಿಗೆ ಹೋಯಿತು.

ನಾನು 1970ರ ದಶಕದಿಂದ ಜಯನಗರದಲ್ಲಿದ್ದೇನೆ. ಆಗ ಮೇಸ್ತ್ರಿಗಳೇ ಹೇಳುತ್ತಿದ್ದರು, "ಸ್ವಾಮಿ, ಪಕ್ಕದಲ್ಲಿ ಇಷ್ಟು ಬಿಡಲೇಬೇಕು" ಅಂತ. ಮಲ್ಲೇಶ್ವರ, ಬಸವನಗುಡಿ ಬೆಳೆದದ್ದೇ ಪ್ಲೇಗ್ ಕಾಲದಲ್ಲಿ. 1898ರಲ್ಲಿ ಪೇಟೆಯ ಇಕ್ಕಟ್ಟಿನಲ್ಲಿ ಜನ ಸತ್ತರು. ಈ ಬಡಾವಣೆಗಳಲ್ಲಿ ಅಗಲ ರಸ್ತೆ, ಮನೆ ಹಿಂದೆ ಕನ್ಸರ್ವೆನ್ಸಿ ಓಣಿ (ಕಸ, ಮಲ ಸಾಗಿಸುವ ದಾರಿ) ಅಂತೆಲ್ಲ ಬಿಟ್ಟಿದ್ದರು. ಸೆಟ್‌ಬ್ಯಾಕ್ ಅನ್ನುವುದು ಯಾರೋ ಆಫೀಸಿನಲ್ಲಿ ಕೂತು ಮಾಡಿದ ಕಿರಿಕಿರಿ ಅಲ್ಲ, ಜೀವ ಉಳಿಸಲು ಬಂದದ್ದು. ನಮ್ಮ ಹಿಂದಿನ ಓಣಿ ಈಗ ಅರ್ಧ ಒತ್ತುವರಿ.

ಮೈಸೂರ್_ಮಲ್ಲಿಗೆ
ಪ್ಲೇಗ್ ಅಂದಿರಿ ಅಂತ ಹೇಳುತ್ತಿದ್ದೇನೆ, ನಮ್ಮ ಮೈಸೂರಿನಲ್ಲಿ 1903ರಲ್ಲೇ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ (ನಗರ ಸುಧಾರಣೆಯ ಮಂಡಳಿ) ಬಂತು. ಬೆಂಗಳೂರಿಗೆ ಅಂಥದ್ದು ಬಂದಿದ್ದು 1945ರಲ್ಲಿ.

ಮಾಗಡಿ_ರೋಡ್
ಮೈಸೂರು ಯಾವಾಗಲೂ ಮುಂದೆ, ಒಪ್ಪಿದೆವು. ಈಗ ವಿಷಯಕ್ಕೆ ಬನ್ನಿ 🙏

ಮೈಸೂರ್_ಮಲ್ಲಿಗೆ
ಇದೂ ವಿಷಯವೇ. ನಮ್ಮಲ್ಲೂ ಈಗ ಒಂಟಿ ಮನೆ ಒಡೆದು ನಾಲ್ಕು ಮಹಡಿ ಎಬ್ಬಿಸುವುದು ಶುರುವಾಗಿದೆ. ನಿಮ್ಮಲ್ಲಿ ಏನು ಮಾಡುತ್ತೀರೋ ಅದನ್ನೇ ನಾಳೆ ನಮಗೂ ತರುತ್ತಾರೆ. ಅದಕ್ಕೇ ಓದುತ್ತಾ ಕೂತಿದ್ದೇನೆ.

ಕೋರ್ಟ್_ಕಟ್ಟೆ
ಪಿಂಚಣಿ ಮನೆಯವರ ಪ್ರಶ್ನೆಗೆ ಕಾನೂನಿನ ಕಡೆಯಿಂದ ಉತ್ತರ. ಇದ್ದ ಕಟ್ಟಡಗಳನ್ನು ದಂಡ ಕಟ್ಟಿಸಿಕೊಂಡು ಸಕ್ರಮ ಮಾಡುವ ಯೋಚನೆ 2007ರಿಂದಲೇ ಇದೆ. 2014ರಲ್ಲಿ ನಿಯಮ ಬಂತು: ಮನೆಗಳಲ್ಲಿ ಶೇ 50ರ ವರೆಗೆ, ವಾಣಿಜ್ಯ ಕಟ್ಟಡಗಳಲ್ಲಿ ಶೇ 25ರ ವರೆಗೆ ಉಲ್ಲಂಘನೆ ಇದ್ದರೆ ಒಮ್ಮೆ ಸಕ್ರಮ. 2016ರ ಕೊನೆಗೆ ಹೈಕೋರ್ಟ್ ಒಪ್ಪಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು.

ಆಮೇಲೆ 2024ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನ ಇನ್ನೊಂದು ತೀರ್ಪು. ಓಸಿ (ಪ್ಲ್ಯಾನಿನಂತೆ ಕಟ್ಟಿದೆ, ವಾಸ ಮಾಡಬಹುದು ಅನ್ನುವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕೊಡಬಾರದು ಅಂತ. ಆಗ ನೋಡಬೇಕಿತ್ತು! ಹೊಸ ಮನೆ ಕಟ್ಟಿ ಗೃಹಪ್ರವೇಶ ಮಾಡಿದವರೂ ಟೆಂಪರರಿ ಕರೆಂಟಿನಲ್ಲೇ ಕೂತರು. ಕೊನೆಗೆ 2025ರಲ್ಲಿ ರಾಜ್ಯ ಸರ್ಕಾರ 1200 ಚದರ ಅಡಿ ವರೆಗಿನ ಸೈಟಿನ ಸಣ್ಣ ಮನೆಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. ಗ್ರೌಂಡ್ ಮತ್ತು ಎರಡು ಮಹಡಿ, ಇಲ್ಲವೇ ಸ್ಟಿಲ್ಟ್ (ಕೆಳಗೆ ಬರೀ ಕಂಬ, ಪಾರ್ಕಿಂಗ್) ಮತ್ತು ಮೂರು ಮಹಡಿ. ಗಮನಿಸಿ, ಐದು ಮಹಡಿ ಅದರಲ್ಲಿ ಬರುವುದಿಲ್ಲ.

ಅಂಗಡಿ ವಿಷಯವೂ ಹೀಗೇ. 2007ರಲ್ಲಿ ಬಂದ ಅದೇ 2015ರ ಪ್ಲ್ಯಾನ್ ವಸತಿ ರಸ್ತೆಗಳಲ್ಲಿ ವಾಣಿಜ್ಯಕ್ಕೆ ಧಾರಾಳವಾಗಿ ಅವಕಾಶ ಕೊಟ್ಟಿತು. ನಾಗರಿಕರು ಹೈಕೋರ್ಟಿಗೆ ಹೋದರು. ಅದಾದ ಮೇಲೆ ಹಳೇ ಬಡಾವಣೆಗಳಲ್ಲಿ 40 ಅಡಿಗಿಂತ ಸಣ್ಣ ರಸ್ತೆಗೆ ವಾಣಿಜ್ಯ ಬಳಕೆ ಬೇಡ ಅಂತ ನಿಯಮ ಬದಲಾಯಿತು. ಸುಮ್ನೆ ಕೂತಿದ್ದರೆ ಅದೂ ಆಗುತ್ತಿರಲಿಲ್ಲ.

ಕಾಕಾ_ಸ್ಟೋರ್ಸ್
ಆ 40 ಅಡಿ ನಿಯಮದಲ್ಲಿ ನಮ್ಮಂಥ ಸಣ್ಣ ಅಂಗಡಿಯವರನ್ನೂ ಪಬ್ಬಿನ ಜೊತೆ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ನಮ್ಮದು ಮನೆ ಮುಂದಿನ ರೂಮಿನಲ್ಲಿ ಹಾಲು, ಮೊಸರು, ಸೊಪ್ಪು, ತೆಂಗಿನಕಾಯಿ. ರಾತ್ರಿ ಒಂಬತ್ತಕ್ಕೆ ಬಾಗಿಲು. ಅದೇ ಜಯನಗರದ ಹಿರಿಯರು ಬೆಳಗ್ಗೆ ನಡೆದು ಹೋಗಿ ಹಾಲು ತರುವುದು ಇಂಥ ಅಂಗಡಿಯಿಂದಲೇ ಅಲ್ವಾ?

ಜಯನಗರ_ಹಿರಿಯ
ನಿಜ. ಮೆಡಿಕಲ್ ಸ್ಟೋರ್, ಕ್ಲಿನಿಕ್, ಟೈಲರ್, ಹಾಲಿನ ಅಂಗಡಿ ಹತ್ತಿರ ಬೇಕು. ಈ ವಯಸ್ಸಿನಲ್ಲಿ ಮೇನ್ ರೋಡ್ ದಾಟಲು ನನ್ನಿಂದ ಆಗುವುದಿಲ್ಲ. ನನ್ನ ಜಗಳ ನಡುರಾತ್ರಿ ಒಂದು ಗಂಟೆಗೆ ಡಿಜೆ ಹಾಕುವವರ ಮೇಲೆ.

ನಕ್ಷೆ_ಇಂಜಿನಿಯರ್
ಸಣ್ಣ ಬಳಕೆಗೆ ಈಗಲೂ ದಾರಿ ಇದೆ ಕಾಕಾ. ವಸತಿ ವಲಯದಲ್ಲಿ ಪೂರಕ ಬಳಕೆ ಅಂತ ಕಟ್ಟಡದ ಒಂದು ಸಣ್ಣ ಪಾಲಿಗೆ ಅವಕಾಶ ಇದೆ. ಅದು ಅಂಗಡಿಯವರಿಗೂ ಗೊತ್ತಿಲ್ಲ, ನೋಟಿಸ್ ಕೊಡುವವರೂ ಹೇಳುವುದಿಲ್ಲ. ಹೊಸ ನಿಯಮದಲ್ಲಿ ಏನೇನು ಇಡಬಹುದು ಅಂತ ಕನ್ನಡದಲ್ಲಿ ಹೆಸರು ಹಿಡಿದು ಬರೆಯಬೇಕು. "ಪೂರಕ ಬಳಕೆ" ಅಂದರೆ ಯಾರಿಗೆ ಅರ್ಥವಾಗುತ್ತದೆ?

ತೋಕಿಯೋ_ತಮ್ಮ
ನಾನು ತುಮಕೂರಿನವನು, ಎಂಟು ವರ್ಷದಿಂದ ಜಪಾನಿನಲ್ಲಿದ್ದೇನೆ. ಇಲ್ಲಿಯ ನಿಯಮ ಹೇಳಿದರೆ ಉಪಯೋಗ ಆಗಬಹುದು. ಇಡೀ ದೇಶಕ್ಕೆ 13 ಬಗೆಯ ಬಳಕೆ ವಲಯ. ಅತ್ಯಂತ ಬಿಗಿ ಇರುವ, ಬರೀ ಎತ್ತರ ಕಡಿಮೆಯ ಮನೆಗಳ ವಲಯದಲ್ಲೂ ಮನೆಗೆ ಸೇರಿದ 50 ಚದರ ಮೀಟರ್ ಒಳಗಿನ ಸಣ್ಣ ಅಂಗಡಿ ಇಡಬಹುದು. ನಮ್ಮ ಬೀದಿಯಲ್ಲಿ ಒಬ್ಬ ಅಜ್ಜಿ ಕೆಳಗೆ ಕ್ಷೌರದ ಅಂಗಡಿ ನಡೆಸುತ್ತಾರೆ, ಮೇಲೆ ಮನೆ.

ಇನ್ನೊಂದು, ಎದುರಿನ ರಸ್ತೆ 12 ಮೀಟರಿಗಿಂತ ಕಿರಿದಾಗಿದ್ದರೆ ವಸತಿ ವಲಯದಲ್ಲಿ ಎಫ್‌ಎಆರ್ ಮಿತಿಗೆ ರಸ್ತೆಯ ಅಗಲವನ್ನು (ಮೀಟರಿನಲ್ಲಿ) 0.4ರಿಂದ ಗುಣಿಸುತ್ತಾರೆ. ಆರು ಮೀಟರ್ ರಸ್ತೆ ಅಂದರೆ 2.4. ವಲಯದ ಮಿತಿ ಅದಕ್ಕಿಂತ ಕಡಿಮೆ ಇದ್ದರೆ ಅದೇ ಲೆಕ್ಕ. ನಾವು ಬೆಂಗಳೂರಿನಲ್ಲಿ 1.75 ಕೊಟ್ಟು 4 ಕಟ್ಟಿಸುತ್ತೇವೆ. ಇವರು ಸ್ವಲ್ಪ ಜಾಸ್ತಿ ಕೊಟ್ಟು ಅಲ್ಲಿಗೇ ನಿಲ್ಲಿಸುತ್ತಾರೆ. ಕಾರು ಕೊಳ್ಳಬೇಕಾದರೆ ನಿಲ್ಲಿಸಲು ಜಾಗ ಇದೆ ಅಂತ ಪೊಲೀಸ್ ಠಾಣೆಯಿಂದ ಸರ್ಟಿಫಿಕೇಟ್ ತರಬೇಕು.

ಬಿಡದಿ_ಬಸ್
ಜಪಾನಿನ ಕಥೆ ಇಲ್ಲಿ ನಡೆಯುವುದಿಲ್ಲ ಬಿಡಿ. ಅಲ್ಲಿ ಮೆಟ್ರೊ, ರೈಲು ಎಷ್ಟಿದೆ! ಇಲ್ಲಿ ಬಸ್ಸಿಗೆ ಮುಕ್ಕಾಲು ಗಂಟೆ ಕಾಯುತ್ತೇನೆ. ಕಾರು, ಸ್ಕೂಟರ್ ಇಲ್ಲದೆ ಬದುಕು ಅಂದರೆ ಹೇಗೆ?

ತೋಕಿಯೋ_ತಮ್ಮ
ಎಲ್ಲವನ್ನೂ ತನ್ನಿ ಅನ್ನುತ್ತಿಲ್ಲ ಅಣ್ಣ. ಪಾಲಿಸಲು ಆಗುವಂಥ ನಿಯಮ ಮಾಡಿ, ಮಾಡಿದ ಮೇಲೆ ಸಡಿಲ ಬಿಡಬೇಡಿ ಅನ್ನುತ್ತಿದ್ದೇನೆ.

ನಕ್ಷೆ_ಇಂಜಿನಿಯರ್
ತಮ್ಮ ಹೇಳಿದ್ದರಲ್ಲೇ ಇದೆ ವಿಷಯ. ನನ್ನ ಹತ್ತಿರ ಬರುವವರಲ್ಲಿ ಹತ್ತಕ್ಕೆ ಎಂಟು ಜನ ಮೊದಲ ದಿನವೇ ಕೇಳುತ್ತಾರೆ, "ಸರ್, ಸ್ಯಾಂಕ್ಷನ್‌ಗೆ (ಮಂಜೂರಾತಿಗೆ) ಒಂದು ಪ್ಲ್ಯಾನ್, ಕಟ್ಟಲು ಒಂದು ಪ್ಲ್ಯಾನ್ ಕೊಡಿ." ಇಂದಿನ ಸೈಟಿನ ರೇಟಿಗೆ 2100 ಚದರ ಅಡಿ ಕಟ್ಟಿ ಸಾಲ ತೀರಿಸಲು ಆಗುವುದಿಲ್ಲ. ಅದಕ್ಕೆ ಕದ್ದು ಕಟ್ಟುತ್ತಾರೆ. ಕದ್ದು ಕಟ್ಟುವಾಗ ಪಾಯದ ಲೆಕ್ಕವೂ ಸುಳ್ಳಾಗುತ್ತದೆ. ನನಗೆ ನಿದ್ದೆ ಕೆಡಿಸುವುದು ಇದೇ. ಎರಡು ಮಹಡಿ ತೋರಿಸಿದ ಡ್ರಾಯಿಂಗಿನ ಪಾಯದ ಮೇಲೆ ಐದು ಮಹಡಿ ನಿಲ್ಲಿಸುತ್ತಾರೆ. 2024ರ ಅಕ್ಟೋಬರ್‌ನಲ್ಲಿ ಬಾಬುಸಾಬ್‌ಪಾಳ್ಯದಲ್ಲಿ ಕಟ್ಟುತ್ತಿದ್ದ ಕಟ್ಟಡ ಬಿದ್ದು ಕೂಲಿ ಕಾರ್ಮಿಕರು ಸತ್ತರಲ್ಲ, ಅದರ ಫೋಟೊ ಇನ್ನೂ ನನ್ನ ಫೋನಿನಲ್ಲಿದೆ. ಹೊಸ ಕ್ಲೈಂಟ್ ಬಂದರೆ ಮೊದಲು ಅದನ್ನೇ ತೋರಿಸುತ್ತೇನೆ.

ನನ್ನ ಅಭಿಪ್ರಾಯ: ಸಣ್ಣ ಸೈಟಿಗೆ ಒಂದು ಮಹಡಿ ಜಾಸ್ತಿ ಕೊಡಿ. ಆದರೆ ಸೆಟ್‌ಬ್ಯಾಕಿನಲ್ಲಿ ಒಂದು ಇಂಚೂ ಬಿಡಬೇಡಿ. ಪಾಯದ ಹಂತದಲ್ಲೇ ಬಂದು ಅಳೆಯಿರಿ. ಐದನೇ ಮೋಲ್ಡ್ ಆದ ಮೇಲೆ ನೋಟಿಸ್ ಕೊಟ್ಟು ಏನು ಪ್ರಯೋಜನ?

ಪಿಂಚಣಿ_ಮನೆ
ಇದಕ್ಕೆ ನನ್ನ ಪೂರ್ತಿ ಒಪ್ಪಿಗೆ. ಆಗಲೇ ಯಾರಾದರೂ ಬಂದು ಅಳೆದಿದ್ದರೆ ನಾನೂ ನಿಲ್ಲಿಸುತ್ತಿದ್ದೆ.

ವರ್ತೂರು_ಕೋಡಿ
ಇಲ್ಲಿಯವರೆಗೆ ಎಲ್ಲರೂ ಹಳೇ ಬಡಾವಣೆ ಮಾತಾಡಿದಿರಿ. ನಮ್ಮ ಪೂರ್ವದ ಕಡೆ ಕೇಳಿ. ಇಲ್ಲಿ ಪ್ರಶ್ನೆ ಎಷ್ಟು ಮಹಡಿ ಅಂತ ಅಲ್ಲ, ಎಲ್ಲಿ ಅಂತ. 2015ರ ಪ್ಲ್ಯಾನಿನಲ್ಲಿ ಕೆರೆಗೆ 30 ಮೀಟರ್, ರಾಜಕಾಲುವೆಗೆ (ಮಳೆನೀರಿನ ದೊಡ್ಡ ಕಾಲುವೆ) ದರ್ಜೆ ನೋಡಿ 50, 25, 15 ಮೀಟರ್ ಬಿಡಬೇಕು ಅಂತ ಇತ್ತು. 2016ರಲ್ಲಿ ಹಸಿರು ನ್ಯಾಯಮಂಡಳಿ ಕೆರೆಗೆ 75 ಮೀಟರ್ ಅಂತ ಹೆಚ್ಚಿಸಿತು, 2019ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿತು. ನಂಬರು ಮೇಲೆ ಕೆಳಗೆ ಆಗುತ್ತಲೇ ಇತ್ತು. 2022ರ ಸೆಪ್ಟೆಂಬರ್‌ನಲ್ಲಿ ಮಳೆ ಬಂದಾಗ ನೀರು ಯಾವ ನಂಬರನ್ನೂ ಕೇಳಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನಿಂದ ವಯಸ್ಸಾದವರನ್ನು ಟ್ರ್ಯಾಕ್ಟರಿನಲ್ಲಿ ಕೂರಿಸಿಕೊಂಡು ಹೋದೆವು.

ನಮ್ಮ ಪಕ್ಕದ ಹೊಲದ ಅಜ್ಜ ಮುಂಚೆಯೇ ಹೇಳಿದ್ದರು, "ಇದು ಕೋಡಿ ಹರಿಯುವ ಜಾಗ, ಇಲ್ಲಿ ನಾವು ರಾಗಿಯನ್ನೂ ಬಿತ್ತುತ್ತಿರಲಿಲ್ಲ, ಭತ್ತ ಹಾಕುತ್ತಿದ್ದೆವು" ಅಂತ. ಫ್ಲಾಟ್ ಬುಕ್ ಮಾಡಿದ ಮೇಲೆ ಆ ಮಾತು ನನ್ನ ಕಿವಿಗೆ ಬಿತ್ತು. ಹೊಸ ಪ್ಲ್ಯಾನಿಗೆ ವಲಯಗಳ ಬಣ್ಣ ಹಾಕುವ ಮುಂಚೆ ಹಳೇ ಗ್ರಾಮ ನಕ್ಷೆ ಇಟ್ಟುಕೊಂಡು ಊರಿನ ಹಿರಿಯರ ಜೊತೆ ಒಮ್ಮೆ ನಡೆಯಬೇಕು.

ಹೊಸಕೋಟೆ_ಹೊರಗೆ
ನಮ್ಮಂಥ ರೆವಿನ್ಯೂ ಸೈಟಿನವರನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ. ಡಿಸಿ ಕನ್ವರ್ಷನ್ (ಕೃಷಿ ಭೂಮಿಯನ್ನು ಬೇರೆ ಬಳಕೆಗೆ ಬದಲಿಸುವ ಅನುಮತಿ) ಇಲ್ಲ, ಲೇಔಟ್ ಅಪ್ರೂವಲ್ ಇಲ್ಲ, ಪಾರ್ಕ್ ಇಲ್ಲ, ಸಿಎ ಸೈಟ್ (ಸಾರ್ವಜನಿಕ ಸೌಲಭ್ಯಕ್ಕೆ ಬಿಟ್ಟ ಜಾಗ) ಇಲ್ಲ. ಮಕ್ಕಳು ರಸ್ತೆಯಲ್ಲೇ ಕ್ರಿಕೆಟ್ ಆಡುತ್ತಾರೆ. ಗೊತ್ತಿದ್ದೂ ಯಾಕೆ ಕೊಂಡಿರಿ ಅಂತ ಬೈಯಬೇಡಿ. ಡ್ರೈವರ್ ಕೆಲಸದ ದುಡ್ಡಿಗೆ ಅಪ್ರೂವ್ಡ್ ಸೈಟ್ ಎಲ್ಲಿ ಸಿಗುತ್ತದೆ?

ಕೋರ್ಟ್_ಕಟ್ಟೆ
ಬೈಯುವುದಿಲ್ಲ. ನಿಮಗೆ ಸೈಟ್ ಮಾರಿದವರು ರಸ್ತೆ, ಪಾರ್ಕ್ ಬಿಡದೆ ಪೂರ್ತಿ ಜಾಗವನ್ನು ದುಡ್ಡು ಮಾಡಿಕೊಂಡರು. ಶಿಕ್ಷೆ ಮಾತ್ರ ನಿಮಗೆ. ಇದನ್ನು ಆಕ್ಷೇಪಣೆಯಲ್ಲಿ ಬರೆಯಿರಿ.

ಮಾಗಡಿ_ರೋಡ್
ಪ್ರೀಮಿಯಂ ಎಫ್‌ಎಆರ್ ಬಗ್ಗೆ ಯಾರಿಗಾದರೂ ಗೊತ್ತಾ? ದುಡ್ಡು ಕಟ್ಟಿದರೆ ಜಾಸ್ತಿ ಮಹಡಿ ಅಂತಾರಲ್ಲ.

ನಕ್ಷೆ_ಇಂಜಿನಿಯರ್
ಗೈಡೆನ್ಸ್ ವ್ಯಾಲ್ಯೂ (ಸರ್ಕಾರ ನಿಗದಿ ಮಾಡಿದ ಜಾಗದ ಬೆಲೆ) ಮೇಲೆ ಲೆಕ್ಕ ಹಾಕಿ ಶುಲ್ಕ ಕಟ್ಟಿ, ಹೆಚ್ಚುವರಿ ಎಫ್‌ಎಆರ್ ತಗೊಳ್ಳುವುದು. ರಸ್ತೆ ಅಗಲದ ಮೇಲೆ ಮಿತಿ ಇರುತ್ತದೆ. ನನ್ನ ತಕರಾರು ಒಂದೇ. ಆ ದುಡ್ಡು ಯಾವ ರಸ್ತೆಯಿಂದ ಬಂತೋ ಅದೇ ರಸ್ತೆಯ ಪೈಪಿಗೆ, ಚರಂಡಿಗೆ ಹೋಗಬೇಕು. ಅಡ್ಡರಸ್ತೆಯವರ ಅಮ್ಮ ಜಾರಿ ಬಿದ್ದ ರಸ್ತೆಯಿಂದ ಶುಲ್ಕ ತಗೊಂಡು ಇನ್ನೆಲ್ಲೋ ಫ್ಲೈಓವರ್ ಕಟ್ಟಿದರೆ ಬಚ್ಚಲಿನ ನೀರು ನಿಲ್ಲುತ್ತದಾ?

ಬಿಡದಿ_ಬಸ್
ಇದು ನೂರಕ್ಕೆ ನೂರು ಸರಿ.

ಅಡ್ಡರಸ್ತೆ_22
ಎರಡು ದಿನದಿಂದ ಎಲ್ಲ ಓದಿದೆ. "ಪಿಜಿ ಬೇಡ" ಅಂತ ಬರೆಯಲು ಕೂತಿದ್ದವನು ಆ ಸಾಲು ಅಳಿಸಿದ್ದೇನೆ. ಈಗ ಹೀಗೆ ಬರೆಯೋಣ ಅಂತ: ನಮ್ಮ ರಸ್ತೆಯ ಪೈಪು ಎಷ್ಟು ಇಂಚು, ಎಷ್ಟು ಜನಕ್ಕೆ ಸಾಕು ಅಂತ ನೋಡದೆ ಒಂದು ಮಹಡಿಯೂ ಹೆಚ್ಚಿಗೆ ಕೊಡಬೇಡಿ. ಹಾಸ್ಟೆಲ್, ಪಿಜಿಗೆ ಎರಡನೇ ಮೆಟ್ಟಿಲು, ತೆರೆದ ಕಿಟಕಿ ಕಡ್ಡಾಯ ಮಾಡಿ. ಪಾಯದ ಹಂತದಲ್ಲಿ ಅಳತೆ ಮಾಡಿ, ಆ ಅಳತೆಯನ್ನು ಸೈಟಿನ ಮುಂದೆ ಬೋರ್ಡ್ ಹಾಕಿ. ಇನ್ನೇನಾದರೂ ಬಿಟ್ಟಿದ್ದೇನಾ?

ಕೋರ್ಟ್_ಕಟ್ಟೆ
ಚೆನ್ನಾಗಿದೆ. ಒಂದು ಮುಖ್ಯ ವಿಷಯ ಬಿಟ್ಟಿದ್ದೀರಿ, ರಸ್ತೆಯ ಅಗಲ. ಎಫ್‌ಎಆರ್ ಇರಲಿ, ಅಂಗಡಿ ಇರಲಿ, ಎಲ್ಲ ನಿಂತಿರುವುದು ಅದರ ಮೇಲೆ. ದಾಖಲೆಯಲ್ಲಿ 40 ಅಡಿ ಅಂತ ಇದ್ದು ನಿಜವಾಗಿ 32 ಇರುವ ರಸ್ತೆಗಳನ್ನು ನಾನು ನೋಡಿದ್ದೇನೆ. ಕರಡಿನಲ್ಲಿ ನಿಮ್ಮ ರಸ್ತೆಯ ಅಗಲ ತಪ್ಪಾಗಿ ಬಿದ್ದರೆ ಮುಂದಿನ ಇಪ್ಪತ್ತು ವರ್ಷ ಅದೇ ಸತ್ಯ. ಈಗಲೇ ನೀವೇ ಅಳೆದು, ಮೂರು ಕಡೆ ಫೋಟೊ ತೆಗೆದು, 22 ಮನೆಯವರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಆಕ್ಷೇಪಣೆ ಕೊಟ್ಟಾಗ ಸ್ವೀಕೃತಿ ಸೀಲ್ ಹಾಕಿಸದೆ ಬರಬೇಡಿ.

ಹಾವೇರಿ_ಹುಡುಗಿ
22 ಮನೆಯವರ ಸಹಿ ಜೊತೆಗೆ ಆ ಎರಡು ಪಿಜಿಯಲ್ಲಿ ಇರುವವರ ಸಹಿಯನ್ನೂ ಕೇಳಿ ಸರ್. ನಾವೂ ಅದೇ ಪೈಪಿಗೆ ನೀರು ಬಿಡುವವರು. ಯಾರೂ ಕೇಳುವುದಿಲ್ಲ, ಅದಕ್ಕೆ ನಾವು ಹಾಕುವುದಿಲ್ಲ, ಅಷ್ಟೇ.

ಅಡ್ಡರಸ್ತೆ_22
ಖಂಡಿತ ಕೇಳುತ್ತೇನೆ. ಎದುರುಮನೆಯವರ ಹತ್ತಿರ ಉದ್ದದ ಟೇಪ್ ಇದೆ. ಭಾನುವಾರ ಬೆಳಗ್ಗೆ ಏಳಕ್ಕೆ, ಗಾಡಿಗಳು ಹೊರಡುವ ಮುಂಚೆ ಅಳೆಯುತ್ತೇವೆ. ಚರಂಡಿಯ ಹೊರ ಅಂಚಿನಿಂದ ಹಿಡಿಯಬೇಕಾ, ಕಾಂಪೌಂಡಿನಿಂದಲಾ?

ನಕ್ಷೆ_ಇಂಜಿನಿಯರ್
ಎರಡೂ ಬರೆದುಕೊಳ್ಳಿ. ಕಾಂಪೌಂಡಿನಿಂದ ಕಾಂಪೌಂಡಿಗೆ ಒಂದು, ಚರಂಡಿ ಬಿಟ್ಟು ಒಂದು. ಯಾರಾದರೂ ರ‍್ಯಾಂಪ್ ಮುಂದಕ್ಕೆ ಎಳೆದಿದ್ದರೆ ಅದನ್ನೂ ಗುರುತು ಮಾಡಿ. ನಾನು ಹತ್ತಿರದಲ್ಲೇ ಇರುತ್ತೇನೆ, ವಿಳಾಸ ಮೆಸೇಜ್ ಮಾಡಿ, ಏಳಕ್ಕೆ ಬರುತ್ತೇನೆ. ಮ್ಯಾನ್‌ಹೋಲ್ ಮುಚ್ಚಳ ತೆಗೆಸಲು ಸಾಧ್ಯವಾದರೆ ಪೈಪಿನ ಇಂಚೂ ಗೊತ್ತಾಗುತ್ತದೆ.